ಹದಿನೆಂಟನೆಯ ಮನೆ

ನಾನು ಮೈಸೂರಿನಲ್ಲಿ ಇಂಟರ್ಮೀಡಿಯೆಟ್ ಓದಿದ್ದು ಒಂದೇ ವರ್ಷ. ಆ ಒಂದು ವರ್ಷವನ್ನು ಮುಂದೆ ಹುಣಸೂರಿನಲ್ಲಿ ಹತ್ತು ವರ್ಷ ಮೆರೆಸಿದೆ. ಯಾರಾದರೂ ಸೈನ್ಸಿನ ಮಾತೆತ್ತಿದರೆ ಸಾಕು, "ನಾವು ಕಾಲೇಜಿನಲ್ಲಿದ್ದಾಗ" ಎಂದು ಶುರುಮಾಡುತ್ತಿದ್ದೆ. ಓದು ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ಮೈಸೂರಿನ ನೀರು ಒಗ್ಗಲಿಲ್ಲ ಎಂದಿದ್ದೆ. ನಿಜವೆಂದರೆ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೆ, ಅದೂ ರಸಾಯನಶಾಸ್ತ್ರದಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮುಂದೆ ಆದದ್ದೆಲ್ಲ ಈ ಸುಳ್ಳಿನ ಮೇಲೆಯೇ ನಿಂತಿದೆ.

ಲಕ್ಷ್ಮಣತೀರ್ಥದ ಆಚೆ ದಡದಲ್ಲಿ ನಮ್ಮ ಹಳ್ಳಿ. ಹೊಗೆಸೊಪ್ಪು, ರಾಗಿ, ಒಂದಿಷ್ಟು ಹುರುಳಿ ಬೆಳೆಯುವ ಮನೆ. ನಾನು ದಿನಾ ಹೊಳೆ ದಾಟಿ ಹುಣಸೂರಿನ ಮಿಡ್ಲ್ ಸ್ಕೂಲಿಗೆ ಪಾಠ ಹೇಳಲು ಹೋಗುತ್ತಿದ್ದೆ. ನನಗೆ ಒಬ್ಬಳೇ ತಂಗಿ, ಒಂಬತ್ತು ವರ್ಷ ಚಿಕ್ಕವಳು. ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ನಮ್ಮ ಕಡೆ ಆಗ ಗಂಡುಮಕ್ಕಳೇ ಅಷ್ಟು ಓದುತ್ತಿರಲಿಲ್ಲ. ಪಾಸಾದ ವರ್ಷವೇ ಸರಗೂರಿನ ಹತ್ತಿರ ಗದ್ದೆ ತೋಟ ಇದ್ದವರ ಮನೆಗೆ ಕೊಟ್ಟರು. ಒಂದೂವರೆ ವರ್ಷಕ್ಕೆ ಅವಳ ಗಂಡ ಚಳಿಜ್ವರದಲ್ಲಿ ಹೋದ. ಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಆ ಜ್ವರ ವರ್ಷವರ್ಷವೂ ಜನರನ್ನು ಒಯ್ಯುತ್ತಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಅವಳು ಬಳೆಯಿಲ್ಲದ ಕೈಯಲ್ಲಿ ಒಂದು ಟ್ರಂಕು ಹಿಡಿದು ನಮ್ಮ ಮನೆಗೆ ಬಂದಳು.

ಬಂದವಳು ನಮ್ಮವಳಾಗಿ ಉಳಿಯುತ್ತಾಳೆಂಬ ಖಾತ್ರಿ ಇರಲಿಲ್ಲ. ಅವಳ ಅತ್ತೆಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಗಿತ್ತು. ಹೇಲು ಉಚ್ಚೆ ಬಾಚಲು, ಆಳುಕಾಳಿಗೆ ಹಿಟ್ಟು ಬೇಯಿಸಲು ಅವರಿಗೊಂದು ಜೀವ ಬೇಕಾಗಿತ್ತು. ಅವಳ ಭಾವ ತಿಂಗಳಿಗೊಂದು ಸಲ ಬಂದು ಜಗಲಿಯಲ್ಲಿ ಕೂತು, ಎಲೆಯಡಿಕೆ ಹಾಕಿಕೊಂಡು, "ಯಾವಾಗ ಕಳಿಸ್ತೀರಿ" ಎಂದು ಕೇಳಿ ಹೋಗುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಕಳೆದುಹೋದ ಎತ್ತನ್ನು ಕೇಳಿಕೊಂಡು ಬಂದವನಷ್ಟೇ ತಾಳ್ಮೆಯಿಂದ ಕೇಳುತ್ತಿದ್ದ, ಅಷ್ಟೆ.

ಯುದ್ಧದ ಕಾಲ ಅದು. ಮೈಸೂರಿನಲ್ಲಿ ವಿಧವೆಯರಿಗೆಂದು ಒಂದು ವಿದ್ಯಾರ್ಥಿನಿಲಯ ಇತ್ತು. ಅಲ್ಲಿ ಊಟ ವಸತಿ ಕೊಟ್ಟು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಸೈನ್ಸ್ ಓದಿಸಲು ನಮ್ಮ ಕಡೆಯ ತಾಲ್ಲೂಕುಗಳಿಗೆಲ್ಲ ಸೇರಿ ಒಂದು ಸೀಟು ಇದೆ ಎಂದು ಚಿಕ್ಕಮ್ಮ ಕಾಗದ ಬರೆದಳು. ಬೆಳಿಗ್ಗೆ ಬರೆಯುವ ಪರೀಕ್ಷೆ, ಮಧ್ಯಾಹ್ನ ಬಾಯಿಪರೀಕ್ಷೆ. ಅಪ್ಪ ಕಾಗದವನ್ನು ನನ್ನಿಂದ ಎರಡು ಸಲ ಓದಿಸಿಕೊಂಡು, ತಂಗಿಯನ್ನು ಕರೆದ.

"ಒಂದ್ಸಲ ಓಗ್ಬಾ ಮಗ. ಸಿಕ್ಕುದ್ರೆ ಓದು, ನಾನು ಬ್ಯಾಡ ಅನ್ನಾಕಿಲ್ಲ. ಸಿಕ್ಕದಿದ್ರೆ ಸರಗೂರಿಗೆ ಕಳಿಸ್ಬುಡ್ತೀನಿ. ಅವ್ರಿಗೂ ಅದೇ ಮಾತು ಕೊಡ್ತೀನಿ. ಎಲ್ಡನೇ ಸಲ ಅನ್ನಾದಿಲ್ಲ."

ಅವಳು ತಲೆಯಾಡಿಸಿದಳು. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ನಿಂತು, "ಅಣ್ಣಯ್ಯ, ನಿನ್ನ ಕೆಮಿಸ್ಟ್ರಿ ಪುಸ್ತಕ ಕೊಡು" ಎಂದಳು.

ಆ ಪುಸ್ತಕಕ್ಕೆ ರಟ್ಟಿರಲಿಲ್ಲ. ಮೈಸೂರಿನಲ್ಲಿ ಹಳೆ ಪುಸ್ತಕ ಮಾರುವವನ ಹತ್ತಿರ ಕೊಂಡದ್ದು. ನಾನು ಹುಟ್ಟುವ ಮೊದಲೇ ಅಚ್ಚಾದದ್ದು ಎಂದು ಕಾಣುತ್ತದೆ. ಕಾಲೇಜಿನಲ್ಲಿ ಬೇರೆ ಪುಸ್ತಕ ಹೇಳಿದ್ದರು. ನಾನು ಸಿಕ್ಕಿದ್ದನ್ನು ಕೊಂಡಿದ್ದೆ. ಅದರ ಕೊನೆಯಲ್ಲಿ ಮಡಚಿದ ಒಂದು ದೊಡ್ಡ ಹಾಳೆ. ಬಿಚ್ಚಿದರೆ ಚೌಕಾಬಾರದ ಮನೆಗಳಂತೆ ಅಡ್ಡ ಉದ್ದ ಗೆರೆ ಎಳೆದು, ಒಂದೊಂದು ಮನೆಯಲ್ಲಿ ಒಂದೊಂದು ಮೂಲವಸ್ತುವಿನ ಹೆಸರು. ಚಿನ್ನ, ಕಬ್ಬಿಣ, ಗಂಧಕ, ಪಾದರಸ, ನಾವು ಉಸಿರಾಡುವ ಗಾಳಿಯೊಳಗಿನದು, ಎಲ್ಲವೂ ಅಲ್ಲಿದ್ದವು. ರಷ್ಯಾ ದೇಶದ ಒಬ್ಬ ಮೇಷ್ಟ್ರು ಅವನ್ನೆಲ್ಲ ಪರಮಾಣುವಿನ ತೂಕದ ಪ್ರಕಾರ, ಹಗುರದಿಂದ ಭಾರಕ್ಕೆ, ಸಾಲಾಗಿ ನಿಲ್ಲಿಸಿದನಂತೆ. ಹಾಗೆ ನಿಲ್ಲಿಸಿದಾಗ ಕೆಲವು ಮನೆ ದಾಟಿದ ಮೇಲೆ ಮತ್ತೆ ಅದೇ ಗುಣ ಬರುತ್ತಿತ್ತಂತೆ. ನೀರಿಗೆ ಬಿದ್ದರೆ ಉರಿಯುವುದರ ಕೆಳಗೆ ನೀರಿಗೆ ಬಿದ್ದರೆ ಉರಿಯುವುದೇ ಬಂದು ಕೂತಿತ್ತು.

ಪರಮಾಣುವಿನ ಒಳಗೇನಿದೆ ಎಂಬುದು ಆ ಪುಸ್ತಕದಲ್ಲಿರಲಿಲ್ಲ. ಅದು ನನಗೆ ಕಾಲೇಜಿನ ಎರಡು ಪಾಠಗಳಿಂದ ಅಷ್ಟಿಷ್ಟು ನೆನಪಿತ್ತು, ತಂಗಿಗೆ ಹೇಳಿದೆ. ನಡುವೆ ಒಂದು ಗಟ್ಟಿ ಬೀಜ. ಅದರ ಸುತ್ತ ಎಲೆಕ್ಟ್ರಾನುಗಳ ಸುತ್ತುಗಳು. ಮೊದಲ ಸುತ್ತಿನಲ್ಲಿ ಎರಡಕ್ಕೆ ಜಾಗ, ಎರಡನೆಯದರಲ್ಲಿ ಎಂಟಕ್ಕೆ, ಆಮೇಲಿನದರಲ್ಲಿ ಎಂಟು ಕೂತರೆ ಅಲ್ಲಿಗೆ ನೆಮ್ಮದಿ. ಪಟ್ಟಿಯಲ್ಲಿ ಎಷ್ಟನೆಯ ಮನೆಯೋ ಅಷ್ಟು ಎಲೆಕ್ಟ್ರಾನು. ಹೊರಗಿನ ಸುತ್ತು ತುಂಬಿದ್ದರೆ ಅದು ಯಾರ ತಂಟೆಗೂ ಹೋಗುವುದಿಲ್ಲ. ಒಂದೇ ಒಂದು ಹೆಚ್ಚಿದ್ದರೆ ಅದನ್ನು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳಲು ಒದ್ದಾಡುತ್ತದೆ. ಒಂದು ಕಡಿಮೆ ಇದ್ದರೆ ಕಿತ್ತುಕೊಳ್ಳಲು ನೋಡುತ್ತದೆ. ನಾನು ಇಷ್ಟು ಚೆನ್ನಾಗಿ ಯಾವ ಪಾಠವನ್ನೂ ಹೇಳಿದವನಲ್ಲ. ಕೇಳುವವಳು ಹಾಗಿದ್ದಳು.

ಮಾರನೆಯ ದಿನ ನೋಡಿದರೆ ಅವಳು ಮೊರದ ಮೇಲೆ ರಾಗಿಹಿಟ್ಟಿನಲ್ಲಿ ಸುತ್ತು ಬರೆದು, ನಡುವೆ ಒಂದು ಹುಣಸೆಬೀಜ ಇಟ್ಟು, ಅವರೆಕಾಳು ಜೋಡಿಸುತ್ತ ಕೂತಿದ್ದಳು. ಅವ್ವ ಬಂದು, "ಸಾರಿಗಿಟ್ಟಿರೋ ಕಾಳು ಕಣಮ್ಮಿ ಅದು" ಎಂದು ಗೊಣಗಿದಳು. "ಕಾರ್ಬನ್ ಒಂದಾಗ್ಲಿ ಇರವ್ವ, ಆರೇ ಕಾಳು" ಎಂದು ತಂಗಿ ಹೇಳಿದಳು. ಗಂಡ ಸತ್ತು ಬಂದಮೇಲೆ ಅವಳು ನಕ್ಕದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

ಇನ್ನು ನನ್ನ ಕೆಂಪು ಶಾಯಿಯ ಕತೆ. ಯಾರ ಜೊತೆಗೂ ಕೂಡದ ಜಡ ಅನಿಲಗಳು ಕೆಲವಿವೆ. ಹೀಲಿಯಂ, ನಿಯಾನ್, ಆರ್ಗಾನ್. ನನ್ನ ಪುಸ್ತಕ ಅಚ್ಚಾಗುವ ಹೊತ್ತಿಗೆ ಅವು ಸಿಕ್ಕಿರಲಿಲ್ಲವೋ ಏನೋ, ಆ ಹಾಳೆಯಲ್ಲಿ ಅವಕ್ಕೆ ಮನೆಯೇ ಇರಲಿಲ್ಲ. ಅವುಗಳ ತೂಕ ನನ್ನ ಕಾಲೇಜಿನ ನೋಟುಬುಕ್ಕಿನಲ್ಲಿತ್ತು. ತೂಕ ಗೊತ್ತಿದ್ದ ಮೇಲೆ ಇನ್ನೇನು, ಸಾಲಿನಲ್ಲಿ ಸೇರಿಸಿದರಾಯಿತು ಎಂದುಕೊಂಡೆ. ಹೀಲಿಯಂ ಹೈಡ್ರೋಜನ್ನಿಗೂ ಲೀಥಿಯಮ್ಮಿಗೂ ನಡುವೆ ಬಂತು. ನಿಯಾನ್ ಫ್ಲೋರಿನ್ನಿಗೂ ಸೋಡಿಯಮ್ಮಿಗೂ ನಡುವೆ. ಆರ್ಗಾನಿನ ತೂಕ ಹೆಚ್ಚುಕಡಿಮೆ ನಲವತ್ತು, ಪೊಟ್ಯಾಸಿಯಂದು ಮೂವತ್ತೊಂಬತ್ತು. ಆದ್ದರಿಂದ ಕ್ಲೋರಿನ್ ಆದಮೇಲೆ ಹದಿನೆಂಟನೆಯ ಮನೆಗೆ ಪೊಟ್ಯಾಸಿಯಂ, ಹತ್ತೊಂಬತ್ತಕ್ಕೆ ಆರ್ಗಾನ್. ಅಚ್ಚಾದ ಪುಸ್ತಕದಲ್ಲಿ ನನ್ನ ಕೈಯಿಂದ ಕೆಂಪು ಶಾಯಿಯಲ್ಲಿ ಮೂರು ಹೆಸರು ಬರೆದಾಗ ಎಂಥ ಹಮ್ಮು ಬಂದಿತ್ತೆಂದರೆ, ಶಾಯಿ ಆರುವ ತನಕ ಊದುತ್ತ ಕೂತಿದ್ದೆ.

ತಂಗಿ ಆ ಪಟ್ಟಿಯನ್ನು ಬೀಸುವ ಪದ ಮಾಡಿಕೊಂಡಳು. ನಮ್ಮ ಕಡೆ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿಕಲ್ಲಿನ ಮುಂದೆ ಕೂತರೆ ಹಾಡದೆ ಗೂಟ ತಿರುಗಿಸುವವರಲ್ಲ. ಕಲ್ಲಿನ ಒಂದು ಸುತ್ತಿಗೆ ಒಂದು ಹೆಸರು. ಹೆಸರುಗಳು ನಾಲಿಗೆಗೆ ಒರಟು ಎಂದು ಅವಳು ಅವಕ್ಕೆಲ್ಲ ಸಂಬಂಧ ಹಚ್ಚಿದ್ದಳು. ಹೀಲಿಯಮ್ಮ, ಲೀಥಿಯಮ್ಮ, ಬೆರಿಲಿಯಮ್ಮ. ಅಮ್ಮ ಆಗಲು ಒಪ್ಪದವನ್ನು ಅಪ್ಪ ಮಾಡಿದ್ದಳು, ಬೋರಾನಪ್ಪ, ಕಾರ್ಬನಪ್ಪ. ಎದುರಿಗೆ ಕೂತು ಗೂಟ ಹಿಡಿಯುತ್ತಿದ್ದ ಪಕ್ಕದ ಮನೆಯ ಮುದುಕಿ ಒಂದು ದಿನ, "ಯಾವೂರ ದ್ಯಾವ್ರುಗಳವ್ವ ಇವೆಲ್ಲ? ಸೋಡಿಯಮ್ಮಂಗೆ ಮರಿ ಕಡೀತಾರಾ, ಕೋಳಿಯಾ?" ಎಂದು ಕೇಳಿದಳು. "ಉಪ್ಪಲ್ಲವ್ಳೆ ಕಣಜ್ಜಿ, ದಿನಾ ಉಣ್ತಿದ್ದೀವಿ" ಎಂದು ತಂಗಿ ಹೇಳಿದ್ದಕ್ಕೆ ಮುದುಕಿ ಕಲ್ಲಿಗೇ ಕೈ ಮುಗಿದಳು.

ಪರೀಕ್ಷೆಗೆ ಇನ್ನೊಂದು ವಾರ ಇರಬಹುದು. ನಾನು ಹಾಸಿಗೆಯಲ್ಲೇ ಮಲಗಿ ಹಾಡು ಕೇಳುತ್ತಿದ್ದೆ. ಕ್ಲೋರಿನಪ್ಪ ಆದಮೇಲೆ ಅವಳು ಆರ್ಗಾನಪ್ಪ ಎಂದಳು, ಆಮೇಲೆ ಪೊಟ್ಯಾಸಿಯಮ್ಮ. ತಪ್ಪಿತು ಎಂದುಕೊಂಡೆ. ಎರಡನೆಯ ಸಲವೂ ಹಾಗೇ ಬಂತು. ಎದ್ದು ಹೋಗಿ ಕೇಳಿದೆ.

"ತಪ್ಪಲ್ಲ ಅಣ್ಣಯ್ಯ" ಎಂದು ಅವಳು ಕಲ್ಲು ನಿಲ್ಲಿಸಿದಳು. ಹಿಟ್ಟು ಬಳಿದ ಕೈಯಲ್ಲೇ ಮೊರ ತಂದು ಮುಂದಿಟ್ಟಳು. ಹುಣಸೆಬೀಜ, ಸುತ್ತ ಕಾಳು. ಎರಡು, ಎಂಟು, ಎಂಟು. "ಅದಿನೆಂಟು ಕಾಳು, ನೋಡು. ಎಲ್ಲಾ ಸುತ್ತೂ ತುಂಬೋಗದೆ. ನಿನ್ನ ಪಟ್ಟಿ ಪ್ರಕಾರ ಇವ್ಳು ಪೊಟ್ಯಾಸಿಯಮ್ಮ. ಸುತ್ತು ತುಂಬಿದ್ರೆ ಸುಮ್ಕಿರ್ತಾರೆ ಅಂತ ನೀನೇ ಏಳ್ದೆ. ನೀರಿಗೆ ಬಿದ್ರೆ ಧಗ್ಗಂತ ಉರೀತಾಳೆ, ಸೀಮೆಣ್ಣೇಲಿ ಮುಳುಗಿಸಿ ಇಟ್ಟಿರ್ತಾರೆ, ಕಾಲೇಜಲ್ಲಿ ಕಣ್ಣಾರೆ ಕಂಡಿವ್ನಿ ಅಂತಾನೂ ನೀನೇ ಏಳ್ದೆ. ಸುಮ್ಕಿರೋಳು ಯಾಕೆ ಉರೀತಾಳೆ?"

ಅವಳು ಇನ್ನೊಂದು ಕಾಳನ್ನು ಮೂರನೆಯ ಸುತ್ತಿನ ಆಚೆ ಇಟ್ಟಳು.

"ಇದು ಅತ್ತೊಂಬತ್ತು. ಒಂದು ಎಚ್ಚಿಗೆ. ಒದ್ದಾಡ್ಬೇಕು ಇದು. ನಿನ್ನ ಪಟ್ಟೀಲಿ ಇದು ಆರ್ಗಾನಪ್ಪ, ಯಾರ ತಂಟೆಗೂ ಓಗದೋನು. ಅದ್ಲುಬದ್ಲಾಗದೆ ಅಣ್ಣಯ್ಯ. ಹೀಲಿಯಂ ಆದ್ಮೇಲೆ ಲೀಥಿಯಂ, ನಿಯಾನ್ ಆದ್ಮೇಲೆ ಸೋಡಿಯಂ. ಸುಮ್ಕಿರೋನು ಮೊದ್ಲು, ಉರಿಯೋಳು ಆಮೇಲೆ. ಮೂರನೇ ಸಲ ಯಾಕೆ ತಿರುಗಾಮುರುಗಾ ಆಯ್ತದೆ?"

ಈಗ ಬರೆಯುವಾಗ ಎಷ್ಟು ಸರಳವಾಗಿ ಕಾಣುತ್ತದೆ. ಆಗಲೂ ಸರಳವಾಗಿಯೇ ಇತ್ತು. ಅವಳು ಹೇಳುವುದು ಸರಿಯಿರಬೇಕು ಎಂದು ಮೊರ ನೋಡಿದ ಕೂಡಲೇ ನನಗೆ ಅನ್ನಿಸಿತ್ತು. ಅನ್ನಿಸಿದ್ದರಿಂದಲೇ ಮೈ ಉರಿಯಿತು.

"ನಲವತ್ತು ದೊಡ್ದೋ ಮೂವತ್ತೊಂಬತ್ತು ದೊಡ್ದೋ?" ಎಂದೆ. "ತೂಕದ ಮೇಲೆ ನಿಂತಿರೋ ಶಾಸ್ತ್ರ ಇದು. ಪ್ರಿಂಟಾಗಿರೋ ಪುಸ್ತಕಕ್ಕಿಂತ ನೀನು ಬುದ್ಧಿವಂತಳಾ?"

"ಪುಸ್ತಕದಲ್ಲಿ ಆರ್ಗಾನೇ ಇಲ್ವಲ್ಲ ಅಣ್ಣಯ್ಯ. ಕೆಂಪುಶಾಯೀಲಿ ನೀನೇ ಬರ್ದಿರಾದು."

ನಾನು ಮೊರವನ್ನು ಕಾಲಿನಿಂದ ಒದ್ದೆ. ಕಾಳು ಹಜಾರದ ತುಂಬ ಚೆಲ್ಲಿತು. "ಕಾಲೇಜು ಕಂಡೋನು ನಾನಾ ನೀನಾ? ನಾನೇಳ್ದಂಗೆ ಬರೆಯೋದಾದ್ರೆ ಬರಿ. ಇಲ್ಲಾಂದ್ರೆ ಈಗ್ಲೇ ಗಾಡಿ ಕಟ್ಟು ಸರಗೂರಿಗೆ" ಎಂದೆ. ನನ್ನ ಬಾಯಿಂದ ಬಂದ ಮಾತು ಅದು. ಅದನ್ನು ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡು ಅನ್ನ ಉಂಡಿದ್ದೇನೆ.

ಅವಳು ಅಳಲಿಲ್ಲ. ಕೂತಲ್ಲೇ ಸರಿದಾಡುತ್ತ ಒಂದೊಂದೇ ಕಾಳನ್ನು ಆರಿಸಿ ಮಡಿಲಿಗೆ ಹಾಕಿಕೊಂಡಳು. ಎಲ್ಲ ಆರಿಸಿದ ಮೇಲೆ, "ಆಯ್ತು ಬುಡು ಅಣ್ಣಯ್ಯ. ನೀನೇಳ್ದಂಗೇ ಬರೀತೀನಿ" ಎಂದಳು. ಮಾರನೆಯ ಬೆಳಿಗ್ಗೆ ಹಾಡು ನನ್ನ ಪಟ್ಟಿಯ ಪ್ರಕಾರವೇ ಬಂತು.

ಒಂದು ವಾರ ಇತ್ತು. ಮೈಸೂರಿನಲ್ಲಿ ನನ್ನ ಜೊತೆ ಓದಿ, ಪಾಸಾಗಿ, ಅಲ್ಲೇ ಕೆಲಸಕ್ಕಿದ್ದ ಒಬ್ಬನಿಗೆ ಒಂದು ಕಾರ್ಡು ಹಾಕಿದ್ದರೆ ಉತ್ತರ ಬರುತ್ತಿತ್ತು. ಭಾನುವಾರ ಬಸ್ಸು ಹತ್ತಿ ಹೋಗಿ ಕೇಳಿ ಬರಬಹುದಿತ್ತು. ಹೋದರೆ ಅವನು ನಗುತ್ತಾನೆ ಎಂದು ಹೋಗಲಿಲ್ಲ. ನಗುತ್ತಿದ್ದನೋ ಇಲ್ಲವೋ, ನಕ್ಕಿದ್ದರೂ ನನ್ನದೇನು ಕಳೆದುಹೋಗುತ್ತಿತ್ತೋ.

ಪರೀಕ್ಷೆಯ ದಿನ ಅವಳನ್ನು ಕರೆದುಕೊಂಡು ಹೋದವನು ನಾನೇ. ಪೆಟ್ರೋಲಿಗೆ ಬರ ಬಂದು ಬಸ್ಸುಗಳ ಹಿಂದೆ ಇದ್ದಿಲ ಒಲೆ ಕಟ್ಟಿ, ಅದರ ಹೊಗೆಯಲ್ಲಿ ಓಡಿಸುತ್ತಿದ್ದ ಕಾಲ. ಬಿಳಿಕೆರೆಯ ಏರಿನಲ್ಲಿ ಬಸ್ಸು ನಿಂತು, ನಾವೆಲ್ಲ ಇಳಿದು ತಳ್ಳಿದೆವು. ಅವಳೂ ಸೆರಗು ಸಿಕ್ಕಿಸಿ ಒಂದು ಕೈ ಕೊಟ್ಟಳು. "ನಮ್ಮ ಕಾರ್ಬನಪ್ಪಂಗೆ ಇವತ್ತು ಮೈ ಸರಿಯಿಲ್ಲ" ಎಂದು ಮಸಿ ಹತ್ತಿದ ಅಂಗೈ ತೋರಿಸಿದಳು. ಜಗಳ ಮರೆತಿದ್ದಳು, ಇಲ್ಲ, ಮರೆತವಳ ಹಾಗೆ ಇದ್ದಳು.

ಬೆಳಿಗ್ಗೆಯ ಪರೀಕ್ಷೆ ಬರೆದು ಬಂದು, ಬುತ್ತಿ ಬಿಚ್ಚಿ, ಇಬ್ಬರೂ ಮರದ ಕೆಳಗೆ ಉಂಡೆವು. ಚೆನ್ನಾಗಿ ಬರೆದೆ ಎಂದಳು. ಮಧ್ಯಾಹ್ನ ಅವಳ ಹೆಸರು ಕೂಗಿ ಒಳಗೆ ಕರೆದರು. ನಾನು ವೆರಾಂಡದಲ್ಲಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತೆ. ಎದುರು ಗೋಡೆಗೆ ಬಟ್ಟೆ ಅಂಟಿಸಿದ ಒಂದು ದೊಡ್ಡ ಚಾರ್ಟು ತೂಗುಹಾಕಿದ್ದರು. ಅದೇ ಮನೆಗಳು, ಅದೇ ಹೆಸರುಗಳು. ಆದರೆ ಪ್ರತಿ ಮನೆಯ ಮೂಲೆಯಲ್ಲೂ ದಪ್ಪ ಅಂಕಿಯಲ್ಲಿ ಒಂದು ನಂಬರು, ತೂಕ ಮಾತ್ರ ಕೆಳಗೆ ಸಣ್ಣದಾಗಿ. ನನ್ನ ಕಣ್ಣು ಹುಡುಕಿಕೊಂಡು ಹೋಯಿತು. ಹದಿನೇಳು ಕ್ಲೋರಿನ್. ಹದಿನೆಂಟು ಆರ್ಗಾನ್. ಹತ್ತೊಂಬತ್ತು ಪೊಟ್ಯಾಸಿಯಂ.

ಹತ್ತಿರ ಹೋಗಿ ನೋಡಿದೆ. ಆರ್ಗಾನಿನ ತೂಕ ಅಲ್ಲೂ ಹೆಚ್ಚೇ ಇತ್ತು. ಆದರೂ ಅದನ್ನು ಮುಂದೆ ಕೂರಿಸಿದ್ದರು. ಅಂದರೆ ತೂಕ ಲೆಕ್ಕಕ್ಕೇ ಇರಲಿಲ್ಲ. ನಡುವಿನ ಬೀಜದಲ್ಲಿ ಎಷ್ಟು ವಿದ್ಯುತ್ತು, ಸುತ್ತ ಎಷ್ಟು ಎಲೆಕ್ಟ್ರಾನು ಎಂಬ ಎಣಿಕೆಯೇ ಯಾರ ಮನೆ ಎಲ್ಲಿ ಎಂದು ಹೇಳುತ್ತಿತ್ತು. ಇದು ಪ್ರಪಂಚಕ್ಕೆಲ್ಲ ಗೊತ್ತಾಗಿ ಎಷ್ಟೋ ವರ್ಷ ಆಗಿತ್ತು ಎಂದು ಆಮೇಲೆ ತಿಳಿದೆ. ನಾನು ಡುಮ್ಕಿ ಹೊಡೆದ ಪಾಠದಲ್ಲೇ ಅದು ಇದ್ದಿರಬೇಕು. ನಮ್ಮ ಹಜಾರದಲ್ಲಿ ಅವರೆಕಾಳು ಎಣಿಸಿ ಅದನ್ನೇ ಅವಳು ಕಂಡುಕೊಂಡಿದ್ದಳು, ನಾನು ಕಾಲಿನಿಂದ ಒದ್ದಿದ್ದೆ.

ತಿರುಗಿ ಬಂದು ಬೆಂಚಿನ ಮೇಲೆ ಕೂತೆ. ಕಿಟಕಿಯಿಂದ ಒಳಗಿನ ಮಾತು ಕೇಳುತ್ತಿತ್ತು. ಒಬ್ಬ ಹೆಂಗಸಿನ ದನಿ.

"ಬೆಳಿಗ್ಗೆ ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀರಿ. ಇದೊಂದು ಕೇಳೋಣ ಅಂತ. ಹದಿನೆಂಟನೆಯದು ಯಾವುದು?"

"ಪೊಟ್ಯಾಸಿಯಂ, ಮೇಡಂ."

"ಯೋಚನೆ ಮಾಡಿ ಹೇಳಿ. ಅವಸರ ಇಲ್ಲ."

ಹೇಳು, ನಿನ್ನ ಮೊರ ನೆನೆಸಿಕೊಂಡು ಹೇಳು ಎಂದು ನಾನು ಮನಸ್ಸಿನಲ್ಲೇ ಹಲ್ಲು ಕಚ್ಚಿ ಬೇಡಿಕೊಂಡೆ.

"ಪೊಟ್ಯಾಸಿಯಂ" ಎಂದಳು ತಂಗಿ.

"ಅದರ ಎಲೆಕ್ಟ್ರಾನುಗಳನ್ನು ಜೋಡಿಸಿ ಹೇಳಿ, ಹಾಗಾದರೆ."

"ಎರಡು, ಎಂಟು, ಎಂಟು."

"ಹಾಗಿದ್ದರೆ ಅದು ನೀರಿನಲ್ಲಿ ಯಾಕೆ ಉರಿಯುತ್ತೆ?"

ಅವಳು ನನ್ನನ್ನು ಕೇಳಿದ್ದ ಪ್ರಶ್ನೆ ಅದು, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಅವಳಿಗೆ ಉತ್ತರ ಗೊತ್ತಿತ್ತು. "ಗೊತ್ತಿಲ್ಲ, ಮೇಡಂ" ಎಂದಳು.

ಈಗ ಒಬ್ಬ ಗಂಡಸಿನ ದನಿ ಕೇಳಿಸಿತು. "ಯಾರಮ್ಮ ನಿಮಗೆ ಹೀಗೆ ಹೇಳಿಕೊಟ್ಟವರು?"

"ಯಾರೂ ಇಲ್ಲ ಸಾರ್. ನಾನೇ ಓದ್ಕೊಂಡೆ."

"ಬಾಯಿಪಾಠ ಮಾಡಿದ್ದೀರಿ, ಅಷ್ಟೆ. ಇಲ್ಲಿಗೆ ಯೋಚನೆ ಮಾಡುವವರು ಬೇಕು" ಎಂದರು ಅವರು. ಬೈದು ಹೇಳಿದ್ದಲ್ಲ, ಬೇಜಾರಿನಿಂದ ಹೇಳಿದ್ದು.

ನಾನು ಎದ್ದು ನಿಂತಿದ್ದೆ. ಬಾಗಿಲು ನಾಲ್ಕು ಹೆಜ್ಜೆಯ ದೂರದಲ್ಲಿತ್ತು, ಮುಚ್ಚಿರಲೂ ಇಲ್ಲ. ಒಳಗೆ ಹೋಗಿ, ಸಾರ್, ತಪ್ಪು ನನ್ನದು, ಇವಳು ಸರಿಯಾಗಿಯೇ ಹೇಳಿದ್ದಳು, ನಾನು ಬೈದು ಬಾಯಿ ಮುಚ್ಚಿಸಿದೆ ಎಂದು ಅಷ್ಟೇ ಹೇಳಬೇಕಿತ್ತು. ಕೇಳುತ್ತಿದ್ದರೋ ಇಲ್ಲವೋ ಬೇರೆ ಮಾತು. ಅವರು ನನ್ನನ್ನು ನೀವೇನು ಓದಿದ್ದೀರಿ ಎಂದು ಕೇಳಿಬಿಟ್ಟರೆ ಎಂಬ ಒಂದು ಭಯ ಕಾಲು ಹಿಡಿದುಕೊಂಡಿತು. ತಂಗಿ ಹೊರಗೆ ಬರುವ ತನಕ ನಿಂತೇ ಇದ್ದೆ, ಆ ನಾಲ್ಕು ಹೆಜ್ಜೆ ಇಡಲಿಲ್ಲ.

ಅವಳು ಬಂದಳು. ಚಾರ್ಟು ಅವಳ ಎದುರಿಗೇ ಇತ್ತು. ಒಮ್ಮೆ ತಲೆಯೆತ್ತಿ ನೋಡಿದಳು. ಎಲ್ಲಿ ನೋಡಬೇಕೋ ಅಲ್ಲೇ ನೋಡಿದಳು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ನನ್ನ ಕಡೆ ತಿರುಗಿ, "ಓಗಾನ ಅಣ್ಣಯ್ಯ, ಬಸ್ಸು ತಪ್ಪೋಯ್ತದೆ" ಎಂದಳು. ಹುಣಸೂರು ಬರುವ ತನಕ ಇದ್ದಿಲ ಹೊಗೆ ಒಳಗೆ ನುಗ್ಗಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು, ಹಾಗಾಗಿ ನನ್ನ ಕಣ್ಣನ್ನು ಯಾರೂ ಗಮನಿಸಲಿಲ್ಲ.

ಹದಿನೈದು ದಿನಕ್ಕೆ ಕಾಗದ ಬಂತು. ಸೀಟು ಬೇರೆಯವರಿಗೆ ಹೋಗಿತ್ತು. ಅಪ್ಪ ಜಗಲಿಯ ಮೇಲೆ ಹೊಗೆಸೊಪ್ಪಿನ ಕಟ್ಟು ಕಟ್ಟುತ್ತ ಕೂತಿದ್ದ. ಕೈ ನಿಲ್ಲಿಸಿ ನನ್ನನ್ನು ಕೇಳಿದ, "ಅದೇನು ಕಷ್ಟದ್ದು ಕೇಳುದ್ರಾ, ಇಲ್ಲ ಇವ್ಳಿಗೇ ತಿಳೀನಿಲ್ವಾ? ನೀನು ಓದ್ದೋನು, ನೀನೇಳು."

ಅಪ್ಪ ಎರಡನೆಯ ಸಲ ಎನ್ನುವುದಿಲ್ಲ ಎಂದಿದ್ದ. ಆದರೆ ಅನ್ಯಾಯವಾಗಿದೆ ಎಂದು ಗೊತ್ತಾದರೆ ಕೊಟ್ಟ ಮಾತನ್ನೂ ತಿರುಗಿ ನೋಡುವ ಮನುಷ್ಯ ಅವನು. ಸರಗೂರಿನವರ ಕೈಕಾಲು ಹಿಡಿದಾದರೂ ಇನ್ನೊಂದು ವರ್ಷ ಕೇಳುತ್ತಿದ್ದ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ತಂಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಕಷ್ಟದ್ದೇ ಇತ್ತಪ್ಪ" ಎಂದೆ. "ಅವ್ಳ ಕೈಲಿ ಆಗೋ ಅಂಥದ್ದಲ್ಲ."

ಅಪ್ಪ ತಲೆಯಾಡಿಸಿ ಮತ್ತೆ ಕಟ್ಟಿಗೆ ಕೈ ಹಾಕಿದ. ತಂಗಿ ಒಳಗೆ ಹೋದಳು. ಆ ವಾರವೇ ಅವಳ ಭಾವ ಗಾಡಿ ತಂದ. ಹೊರಡುವಾಗ ಅವಳು ಅವ್ವನ ಕಾಲಿಗೆ, ಅಪ್ಪನ ಕಾಲಿಗೆ ಬಿದ್ದು, ಆಮೇಲೆ ನನ್ನ ಕಾಲಿಗೂ ಬಿದ್ದಳು. ನನ್ನ ಪಾದ ಹಿಂದಕ್ಕೆ ಸರಿಯಿತು.

ಪುಸ್ತಕವನ್ನೂ ಅವಳ ನೋಟುಬುಕ್ಕನ್ನೂ ನನ್ನ ಮೇಜಿನ ಮೇಲೆ ನೀಟಾಗಿ ಇಟ್ಟುಹೋಗಿದ್ದಳು. ಬಹಳ ದಿನ ಮುಟ್ಟಲಿಲ್ಲ. ಒಂದು ದಿನ ಬಿಚ್ಚಿದೆ. ಇಪ್ಪತ್ತು ಮೂಲವಸ್ತುಗಳನ್ನು ಶಾಯಿಯಲ್ಲಿ ಮುದ್ದಾಗಿ ಬರೆದಿದ್ದಳು, ನನ್ನ ಪಟ್ಟಿಯ ಪ್ರಕಾರವೇ. ಬೆಳಕಿಗೆ ಹಿಡಿದರೆ ಹದಿನೆಂಟರಲ್ಲೂ ಹತ್ತೊಂಬತ್ತರಲ್ಲೂ ಕಾಗದ ಸವೆದಿತ್ತು. ಮೊದಲು ಪೆನ್ಸಿಲಿನಲ್ಲಿ ಬೇರೆ ಬರೆದು, ರಬ್ಬರಿನಿಂದ ಉಜ್ಜಿ, ಅದರ ಮೇಲೆ ನಾನು ಹೇಳಿದ್ದನ್ನು ಬರೆದಿದ್ದಳು. ಸವೆದ ಜಾಗದಲ್ಲಿ ಶಾಯಿ ಸ್ವಲ್ಪ ಹರಡಿಕೊಂಡಿತ್ತು.

ಅವಳನ್ನು ನೋಡಲು ಹೋಗುವುದಕ್ಕೆ ನನಗೆ ಒಂದೂವರೆ ವರ್ಷ ಬೇಕಾಯಿತು. ಅವ್ವ ಸೊಗಡಿನ ಅವರೆಕಾಯಿ ಒಂದು ಚೀಲ ಕಟ್ಟಿಕೊಟ್ಟಳು. ಕೋಟೆಯ ತನಕ ಬಸ್ಸು, ಅಲ್ಲಿಂದ ಸರಗೂರಿಗೆ ಇನ್ನೊಂದು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ತಪ್ಪು ನನ್ನದು ಕಣಮ್ಮಿ, ನೀನು ಹೇಳಿದ್ದೇ ಸರಿ ಇತ್ತು, ಅವತ್ತು ವೆರಾಂಡದಲ್ಲೇ ನನಗೆ ಗೊತ್ತಾಯಿತು. ಮೂರು ಮಾತು. ಹೇಳಿಬಿಟ್ಟರೆ ಅವಳ ಸೀಟೇನೂ ತಿರುಗಿ ಬರುವುದಿಲ್ಲ. ಆದರೆ ತನಗೆ ಬುದ್ಧಿಯಿತ್ತು ಎಂಬುದನ್ನಾದರೂ ಅವಳು ಇನ್ನೊಬ್ಬರ ಬಾಯಿಂದ ಕೇಳುತ್ತಾಳೆ ಎಂದುಕೊಂಡೆ.

ಅವರ ಮನೆ ಮುಟ್ಟಿದಾಗ ನಡುಮಧ್ಯಾಹ್ನ. ಜಗಲಿಯಲ್ಲಿ ಯಾರೂ ಇರಲಿಲ್ಲ. ಒಳಗಿನಿಂದ ಕಲ್ಲಿನ ಸದ್ದು. ಬೆಳಗಿನ ಜಾವ ಮುಗಿಯಬೇಕಾದ ಕೆಲಸ ಅದು. ಆ ಮನೆಯಲ್ಲಿ ಅವಳಿಗೆ ಅದಕ್ಕೂ ಹೊತ್ತು ಸಿಗುತ್ತಿರಲಿಲ್ಲವೇನೋ. ಕಲ್ಲಿನ ಸದ್ದಿನ ಜೊತೆ ಹಾಡು. ನಾನು ಹೊಸಿಲ ಹೊರಗೇ ನಿಂತೆ. ಸೋಡಿಯಮ್ಮ, ಮೆಗ್ನೀಸಿಯಮ್ಮ, ಅಲ್ಯುಮಿನಿಯಮ್ಮ. ದನಿ ಇಳಿದಿತ್ತು, ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದಳು. ಕ್ಲೋರಿನಪ್ಪ ಬಂದ. ಕಲ್ಲು ಒಂದು ಸುತ್ತು ತಿರುಗಿತು.

ಆರ್ಗಾನಪ್ಪ. ಪೊಟ್ಯಾಸಿಯಮ್ಮ. ಕ್ಯಾಲ್ಸಿಯಮ್ಮ.

ಸರಿಯಾಗಿ ಹಾಡುತ್ತಿದ್ದಳು. ಯಾವ ಮೇಡಮ್ಮೂ ಕೇಳದ ಕಡೆ, ಯಾರಿಗೂ ಬೇಡದ ಕಡೆ, ಲಕ್ವ ಹೊಡೆದ ಮುದುಕಿಯೊಬ್ಬಳ ಮುಂದೆ, ಪ್ರತಿಯೊಂದನ್ನೂ ಅದರದರ ಮನೆಯಲ್ಲಿ ಕೂರಿಸಿ ಹಾಡುತ್ತಿದ್ದಳು. ನನಗೆ ಅಳು ಬಂತು. ಸುಧಾರಿಸಿಕೊಳ್ಳಲು ಕೆಮ್ಮಿದೆ. ಕಲ್ಲು ನಿಂತಿತು.

"ಯಾರು?"

"ನಾನು ಕಣಮ್ಮಿ."

ಬಂದು ಚೀಲ ಇಳಿಸಿಕೊಂಡಳು. ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು, ಅವ್ವನನ್ನು ಕೇಳಿದಳು, ಅಪ್ಪನನ್ನು ಕೇಳಿದಳು, ಪಕ್ಕದ ಮನೆಯ ಅಜ್ಜಿಯನ್ನು ಕೇಳಿದಳು. ಕೈ ಕಾಯಿಗಟ್ಟಿತ್ತು. ಮೈ ಅರ್ಧಕ್ಕಿಳಿದಿತ್ತು. ಆ ಮೂರು ಮಾತು ಬಿಟ್ಟು ಊರಿನ ಮಳೆ ಬೆಳೆಯನ್ನೆಲ್ಲ ಹೇಳಿದೆ. ಕೊನೆಗೆ, "ಕೆಲ್ಸ ನಿಲ್ಲಿಸ್ಬೇಡ, ಬೀಸು. ಹಾಡು ಕೇಳಿ ಬಾಳ ದಿನ ಆಯ್ತು" ಎಂದೆ. ಹಾಡು ಅಲ್ಲಿಗೆ ಬಂದಾಗ ಹೇಳಿಬಿಡುವುದು ಎಂದು ಗಟ್ಟಿಮಾಡಿಕೊಂಡೆ.

ಅವಳು ಕಲ್ಲಿನ ಮುಂದೆ ಕೂತು, ಬೊಗಸೆ ರಾಗಿ ಸುರಿದು, ಮೊದಲಿನಿಂದ ಶುರುಮಾಡಿದಳು. ನಾನು ಲೋಟ ಹಿಡಿದು ಕಂಬಕ್ಕೆ ಒರಗಿ ಕೂತಿದ್ದೆ. ಒಂದೊಂದೇ ಹೆಸರು ಬಂತು. ಗಂಧಕಪ್ಪ ಬಂದ, ಕ್ಲೋರಿನಪ್ಪ ಬಂದ. ಅಲ್ಲಿ ಅವಳು ತಲೆಯೆತ್ತಿ ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಪೊಟ್ಯಾಸಿಯಮ್ಮನನ್ನು ಮುಂದೆ ಕರೆದಳು, ಆರ್ಗಾನಪ್ಪನನ್ನು ಹಿಂದೆ ಕೂರಿಸಿದಳು, ನಾನು ಹೇಳಿಕೊಟ್ಟಿದ್ದ ಹಾಗೆ.

ನಾನು ಮಜ್ಜಿಗೆ ಕುಡಿದು ಮುಗಿಸಿ, ಸಂಜೆಯ ಬಸ್ಸಿಗೆ ಎದ್ದೆ.